ಹಂದಿ ಮಾಂಸಕ್ಕೆ ಇರುವ ರಿಯಾಯಿತಿ ಸಲಿಂಗ ಪ್ರೇಮಕ್ಕೆ ಏಕಿಲ್ಲ?

ಪ್ರಶ್ನೆ: ನಾನು ಮಂಗಳೂರಿನವನು. ಕ್ರೈಸ್ತ ಗೆಳೆಯರ ಮನೆಯ ರೋಸ್ (ಮದುವೆಗೆ ಮುಂಚಿನ ಶಾಸ್ತ್ರ) ಇರಲಿ, ಮದುವೆ ಇರಲಿ, ಇಡ್ಲಿಯಂಥ ಸಾನ್ನಾದ ಜೊತೆ ಹಂದಿ ಮಾಂಸ ಇದ್ದೇ ಇರುತ್ತದೆ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿರುವ ಯಾಜಕಕಾಂಡ ಹಂದಿಯನ್ನು ನಿಷೇಧಿಸಿದೆಯಂತೆ. ಗಂಡಸರ ಸಲಿಂಗ ಸಂಬಂಧವನ್ನು ನಿಷೇಧಿಸಿದ್ದೂ ಅದೇ ಪುಸ್ತಕ. ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ಹಿಡಿದುಕೊಂಡದ್ದು ಹೇಗೆ?

ಉತ್ತರ: ಹಂದಿಯೊಂದೇ ಅಲ್ಲ. ಯಾಜಕಕಾಂಡದ 11ನೇ ಅಧ್ಯಾಯದ ಪ್ರಕಾರ ಈಜುರೆಕ್ಕೆ, ಪೊರೆ ಇಲ್ಲದ ಜಲಚರಗಳೂ ವರ್ಜ್ಯ. ಸಿಗಡಿ, ಏಡಿ, ಮರುವಾಯಿ ಎಲ್ಲವೂ ಹೋಯಿತು. ಕರಾವಳಿಯವರಿಗೆ ಹಂದಿಗಿಂತ ಇದೇ ದೊಡ್ಡ ಶಿಕ್ಷೆ.

ಈ ಊಟದ ಕಟ್ಟಳೆಗಳು ಸಡಿಲವಾದದ್ದು ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯಲ್ಲೇ. ಹೊರಗಿನಿಂದ ಹೊಟ್ಟೆಗೆ ಹೋಗುವುದು ಮನುಷ್ಯನನ್ನು ಅಶುದ್ಧಗೊಳಿಸದು ಎಂದು ಯೇಸು ಹೇಳಿದ್ದನ್ನು ಮಾರ್ಕನ 7ನೇ ಅಧ್ಯಾಯದಲ್ಲಿ ಓದಬಹುದು. ಯೆಹೂದ್ಯರಲ್ಲದವರು ಮೋಶೆಯ ಧರ್ಮಶಾಸ್ತ್ರವನ್ನು ಪೂರ್ತಿ ಪಾಲಿಸಬೇಕಿಲ್ಲವೆಂದು ಯೇಸುವಿನ ಮೊದಲ ಅನುಯಾಯಿಗಳು ಯೆರೂಸಲೇಮಿನಲ್ಲಿ ಸೇರಿದ ಸಭೆ ತೀರ್ಮಾನಿಸಿತು. ಆದರೆ ವಿಗ್ರಹಕ್ಕೆ ಅರ್ಪಿಸಿದ್ದು, ಕುತ್ತಿಗೆ ಹಿಸುಕಿ ಕೊಂದದ್ದು, ರಕ್ತ, ಜಾರತ್ವ ಇವು ಬೇಡ ಎಂದಿತು. ಅಂದರೆ, ಹಂದಿಯ ರಕ್ತ ಬೆರೆಸಿ ಮಾಡುವ ಹಳೆಯ ಕಾಲದ ಸೊರ್ಪೊಟೆಲ್ ಎಂಬ ಮಾಂಸದ ಅಡುಗೆಗೆ ಹೊಸ ಒಡಂಬಡಿಕೆಯ ಅಕ್ಷರಶಃ ಅನುಮತಿಯೂ ಇಲ್ಲ! ಅದನ್ನು ಯಾರೂ ಈಗ ಎತ್ತುವುದಿಲ್ಲ.

ಪಾದ್ರಿಗಳನ್ನು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ 13ನೇ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸರದು. ಹಳೆಯ ಕಟ್ಟಳೆಗಳಲ್ಲಿ ನೈತಿಕ, ಆಚರಣೆಯ, ನ್ಯಾಯಾಂಗದ ಎಂದು ಮೂರು ಬಗೆ. ಉಳಿದೆರಡರ ಕಾಲ ಮುಗಿಯಿತು, ನೈತಿಕವಾದದ್ದು ಉಳಿಯಿತು. ಅಚ್ಚುಕಟ್ಟಾದ ವಿಂಗಡಣೆ ಹೌದು. ತೊಂದರೆಯೆಂದರೆ ಯಾಜಕಕಾಂಡಕ್ಕೆ ಈ ವಿಂಗಡಣೆ ಗೊತ್ತೇ ಇಲ್ಲ. 19ನೇ ಅಧ್ಯಾಯದ 18ನೇ ವಚನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎನ್ನುತ್ತದೆ. ಮುಂದಿನ ವಚನವೇ ಎರಡು ಬಗೆಯ ನೂಲು ಬೆರೆತ ಬಟ್ಟೆ ಉಡಬೇಡ ಎನ್ನುತ್ತದೆ.

ಆದರೂ ನಿಮ್ಮ ಪ್ರಶ್ನೆಯಿಂದ ವಾದ ಗೆದ್ದಂತಾಗುವುದಿಲ್ಲ. ಚರ್ಚುಗಳು ಯಾಜಕಕಾಂಡವೊಂದನ್ನೇ ನೆಚ್ಚಿಕೊಂಡಿಲ್ಲ. ಹೊಸ ಒಡಂಬಡಿಕೆಯಲ್ಲಿ ಧರ್ಮಪ್ರಚಾರಕ ಪೌಲನು ರೋಮಾಪುರದವರಿಗೆ ಬರೆದ ಪತ್ರದ ಮೊದಲ ಅಧ್ಯಾಯ ಇದೆ, ಕೊರಿಂಥದವರಿಗೆ ಬರೆದ ಮೊದಲ ಪತ್ರದ 6ನೇ ಅಧ್ಯಾಯ ಇದೆ. ಎರಡನೆಯದರಲ್ಲಿ ಅವನು ಬಳಸಿದ ಗ್ರೀಕ್ ಪದ ‘ಅರ್ಸೆನೊಕೊಯಿತೈ’. ‘ಗಂಡು’, ‘ಹಾಸಿಗೆ’ ಎಂಬ ಎರಡು ಪದಗಳ ಜೋಡಣೆ ಅದು. ಯಾಜಕಕಾಂಡದ ಗ್ರೀಕ್ ಅನುವಾದದಲ್ಲಿ ಈ ಎರಡೂ ಪದಗಳು ಅಕ್ಕಪಕ್ಕದಲ್ಲೇ ಇರುವುದರಿಂದ ಪೌಲನು ಹಳೆಯ ನಿಷೇಧವನ್ನೇ ಮುಂದುವರಿಸಿದ್ದಾನೆ ಎಂಬುದು ಸಂಪ್ರದಾಯವಾದಿಗಳ ಮಾತು. ಅವನ ಕಣ್ಣಮುಂದೆ ಇದ್ದದ್ದು ಗುಲಾಮರನ್ನೂ ಹುಡುಗರನ್ನೂ ಬಳಸಿಕೊಳ್ಳುವ ರೋಮನ್ ಪದ್ಧತಿ, ಸಮಾನರಾದ ಇಬ್ಬರ ಬಾಳುವೆಯಲ್ಲ ಎಂಬುದು ಎದುರು ಪಕ್ಷದ ವಾದ. ಪದದ ಹುಟ್ಟಿನ ಬಗ್ಗೆ ಮೊದಲನೆಯವರ ಮಾತೇ ಗಟ್ಟಿಯೆಂದು ನನಗೆ ತೋರುತ್ತದೆ. ಅದನ್ನು ಇಂದಿನ ಜೋಡಿಗಳಿಗೆ ಹಾಗೆಯೇ ಅನ್ವಯಿಸಬಹುದೇ ಎಂಬುದು ಬೇರೆ ಮಾತು. ಪಾಪಕ್ಕಾಗಿ ದೇವರು ಸುಟ್ಟ ಸೊದೋಮ್ ಊರಿನ ಕಥೆಯನ್ನೂ ಸಲಿಂಗ ಸಂಬಂಧದ ವಿರುದ್ಧ ಎಳೆದು ತರುವವರಿದ್ದಾರೆ. ಆದರೆ ಪ್ರವಾದಿ ಯೆಹೆಜ್ಕೇಲನು ಆ ಊರಿನ ಪಾಪಗಳಲ್ಲಿ ಮೊದಲು ಹೆಸರಿಸುವುದು ಸೊಕ್ಕನ್ನು, ಹೊಟ್ಟೆ ತುಂಬಿದ್ದರೂ ಬಡವರಿಗೆ ಕೈನೀಡದಿರುವುದನ್ನು.

ಹಂದಿಗಿಂತ ಬಿಗಿಯಾದ ಪ್ರಶ್ನೆ ಬೇಕಿದ್ದರೆ ಬಡ್ಡಿಯ ಬಗ್ಗೆ ಕೇಳಿ. ಬಡವನಾದ ಸಹೋದರನಿಂದ ಬಡ್ಡಿ ತೆಗೆದುಕೊಳ್ಳಬೇಡ ಎನ್ನುತ್ತದೆ ಯಾಜಕಕಾಂಡದ 25ನೇ ಅಧ್ಯಾಯ. ಚರ್ಚು ಇದನ್ನು ಆಚರಣೆಯ ಲೆಕ್ಕಕ್ಕೆ ಹಾಕದೆ ನೈತಿಕ ಪಾಪವೆಂದೇ ಶತಮಾನಗಳ ಕಾಲ ಬೋಧಿಸಿತು. 1745ರಲ್ಲೂ ಪೋಪ್ 14ನೇ ಬೆನೆಡಿಕ್ಟ್ ಇಟಲಿಯ ಬಿಷಪರಿಗೆ ಅದನ್ನೇ ಬರೆದರು. 1912ರ ಹೊತ್ತಿಗೆ ಮಂಗಳೂರಿನ ಕ್ಯಾಥೊಲಿಕರು ತಮ್ಮದೇ ಸಹಕಾರಿ ಬ್ಯಾಂಕ್ ಕಟ್ಟಿಕೊಂಡಿದ್ದರು. ಬದಲಾದದ್ದು ಹಣದ ಸ್ವರೂಪ, ನೀತಿಯಲ್ಲ ಎಂದು ಚರ್ಚು ಸಮಜಾಯಿಷಿ ಕೊಡುತ್ತದೆ. ಸಲಿಂಗ ಒಲವಿನ ಬಗ್ಗೆ ನಮ್ಮ ತಿಳಿವಳಿಕೆಯೂ ಬದಲಾಗಿದೆಯಲ್ಲವೇ ಎಂದು ಸುಧಾರಣೆ ಬಯಸುವ ಕ್ರೈಸ್ತರು ಕೇಳುವುದು ಇಲ್ಲೇ.

ಸದ್ಯದ ಸ್ಥಿತಿ ಹೀಗಿದೆ. 1992ರ ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥ ಸಲಿಂಗ ಸಂಭೋಗವನ್ನು ಒಪ್ಪುವುದಿಲ್ಲ, ಆದರೆ ಆ ಒಲವಿನವರನ್ನು ಗೌರವದಿಂದ ಕಾಣಬೇಕು, ಅನ್ಯಾಯದ ತಾರತಮ್ಯ ಕೂಡದು ಎನ್ನುತ್ತದೆ. 2023ರ ಡಿಸೆಂಬರ್‌ನಲ್ಲಿ ರೋಮ್ ಅಂತಹ ಜೋಡಿಗಳಿಗೆ ಸರಳ ಆಶೀರ್ವಾದ ನೀಡಬಹುದೆಂದಿತು. ಮದುವೆಯ ಬೋಧನೆ ಬದಲಾಗಲಿಲ್ಲ. ಪ್ರೊಟೆಸ್ಟೆಂಟರ ದಾರಿಗಳು ಹಲವು. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಭೆಗಳ ಒಕ್ಕೂಟ 2019ರ ನವೆಂಬರ್‌ನಲ್ಲಿ ಸಲಿಂಗ ಜೋಡಿಗಳಿಗೂ ಚರ್ಚಿನಲ್ಲಿ ಮದುವೆ ಮಾಡಿಸಲು ಶಿಫಾರಸು ಮಾಡಿತು. ಆ ದೇಶದ ಬಾಸೆಲ್‌ನಿಂದಲೇ 1834ರಲ್ಲಿ ಮಂಗಳೂರಿಗೆ ಮಿಷನರಿಗಳು ಬಂದದ್ದು. ಅವರ ಪರಂಪರೆಯ ಬಲ್ಮಠದ ಶಾಂತಿ ಕೆಥೆಡ್ರಲ್ ಈಗ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಎಂಬ ಪ್ರೊಟೆಸ್ಟೆಂಟ್ ಸಭೆಗೆ ಸೇರಿದ್ದು, ಅಲ್ಲಿ ಇಂದಿಗೂ ಮದುವೆಯೆಂದರೆ ಒಬ್ಬ ಗಂಡು, ಒಬ್ಬಳು ಹೆಣ್ಣು.