ರೆಸಿಡುಯಲ್ ಸೊನ್ನೆ ಸರಿ, ನೌಕೆ ಎಲ್ಲಿದೆ?

ದೂರದ ಗ್ರಹಗಳತ್ತ ಹೊರಟ ನೌಕೆಯ ಪಥ ಲೆಕ್ಕ ಹಾಕುವಲ್ಲಿ ವಿದ್ಯಾರ್ಥಿ ತಂಡಗಳಿಂದ ಹಿಡಿದು ಹೊಸ ಕಂಪನಿಗಳವರೆಗೆ ಎಲ್ಲರೂ ತಂದು ತೋರಿಸುವ ಗ್ರಾಫ್ ಒಂದೇ. ಡಾಪ್ಲರ್ (ನೌಕೆಯ ಚಲನೆಯಿಂದ ರೇಡಿಯೋ ಸಂಕೇತದ ಆವರ್ತನದಲ್ಲಾಗುವ ಬದಲಾವಣೆ) ರೆಸಿಡುಯಲ್, ಅಂದರೆ ಅಳತೆಗೂ ಲೆಕ್ಕಕ್ಕೂ ಇರುವ ವ್ಯತ್ಯಾಸ, ಸೊನ್ನೆಯ ಆಚೀಚೆ ತೆಳ್ಳಗೆ ಹರಡಿಕೊಂಡಿರುತ್ತದೆ. "ಸೆಕೆಂಡಿಗೆ 0.1 ಮಿಲಿಮೀಟರ್ ಸಾರ್, ಆರ್ಬಿಟ್ ಪಕ್ಕಾ." ಪಕ್ಕಾ ಆಗಿರುವುದು ಗ್ರಾಫ್.

ಡಾಪ್ಲರ್‌ನಿಂದ ಸಿಗುವುದು ನೌಕೆ ಆಂಟೆನಾದಿಂದ ದೂರ ಸರಿಯುವ ಅಥವಾ ಹತ್ತಿರ ಬರುವ ವೇಗ. ಸಂಕೇತ ಹೋಗಿ ಬರುವ ಸಮಯ ಅಳೆಯುವ ರೇಂಜಿಂಗ್‌ನಿಂದ ದೂರ, ಕೆಲವು ಮೀಟರ್‌ಗಳ ತಪ್ಪಿನೊಳಗೆ. ಎರಡೂ ಒಂದೇ ಗೆರೆಯ ಮೇಲಿನ ಅಳತೆಗಳು. ಆ ಗೆರೆಗೆ ಅಡ್ಡವಾಗಿ ನೌಕೆ ಎತ್ತ ಜರುಗಿತೆಂದು ಇವೆರಡೂ ನೇರವಾಗಿ ಅಳೆಯುವುದಿಲ್ಲ. ಭೂಮಿ ತಿರುಗುವುದರಿಂದ ಡಾಪ್ಲರ್‌ನಲ್ಲಿ ಕಾಣುವ ದಿನದ ಏರಿಳಿತ ಮತ್ತು ನಾವು ಕೊಟ್ಟ ಬಲಗಳ ಮಾದರಿ, ಇವೆರಡರಿಂದ ಫಿಲ್ಟರ್ (ಅಳತೆಗೆ ಪಥವನ್ನು ಹೊಂದಿಸುವ ಲೆಕ್ಕದ ಪ್ರೋಗ್ರಾಂ) ಅಡ್ಡ ದಿಕ್ಕಿನ ಸ್ಥಾನವನ್ನು ಅಂದಾಜಿಸುತ್ತದೆ. ಮಾದರಿ ತಪ್ಪಿದ್ದರೆ, ಪುಸ್ತಕದ ಹಿಂದಿನ ಉತ್ತರ ನೋಡಿ ಹುಡುಗರು ಲೆಕ್ಕ ಹೊಂದಿಸುವ ಹಾಗೆ, ಆ ತಪ್ಪನ್ನು ಕಾಣದ ದಿಕ್ಕಿಗೆ ತಳ್ಳಿ ಗ್ರಾಫನ್ನು ಚಂದ ಮಾಡಿಕೊಡುತ್ತದೆ. (ಭೂಮಿಯ ಹತ್ತಿರದ ಕಕ್ಷೆಯಲ್ಲಿ ಜಿಪಿಎಸ್ ರಿಸೀವರ್ ಇರುತ್ತದೆ, ಅಲ್ಲಿನ ಮಾತು ಬೇರೆ.)

ಭೂಮಿಯಷ್ಟು ದೂರದಲ್ಲಿ ಬಿಸಿಲಿನ ಒತ್ತಡ ಚದರ ಮೀಟರಿಗೆ ಸುಮಾರು 4.5 ಮೈಕ್ರೋನ್ಯೂಟನ್. 10 ಚದರ ಮೀಟರ್ ಹರವಿನ, 1000 ಕೆಜಿಯ ನೌಕೆ ಬೆಳಕನ್ನೆಲ್ಲ ಹೀರಿಕೊಂಡರೆ, ಒರಟು ಲೆಕ್ಕದಲ್ಲಿ 10 ದಿನಕ್ಕೆ 17 ಕಿ.ಮೀ. ಜರುಗುತ್ತದೆ. 100 ದಿನಕ್ಕೆ 1,700. ಬಿಸಿಲಿನ ಒತ್ತಡದ ಗುಣಾಂಕದಲ್ಲಿ ಶೇ. 10 ತಪ್ಪಿದರೂ 170 ಕಿ.ಮೀ. ಕೈಬಿಟ್ಟ ಹಾಗೆ.

1998ರ ಡಿಸೆಂಬರ್‌ನಲ್ಲಿ ಹೊರಟ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಹಾಳಾದದ್ದು ಪೌಂಡ್-ನ್ಯೂಟನ್ ಗೊಂದಲದಿಂದ ಎಂದು ಎಲ್ಲರೂ ಒಪ್ಪಿಸುತ್ತಾರೆ. ಅದು ಅರ್ಧ ಕಥೆ. ಸೌರಫಲಕ ಒಂದೇ ಬದಿಗಿತ್ತು. ಬಿಸಿಲು ನೌಕೆಯನ್ನು ತಿರುಚುತ್ತಿತ್ತು, ನೌಕೆಯ ದಿಕ್ಕನ್ನು ಹಿಡಿದಿಡುವ ರಿಯಾಕ್ಷನ್ ವೀಲ್‌ಗಳ ವೇಗ ಏರುತ್ತಿತ್ತು, ಅದನ್ನು ಇಳಿಸಲು ಥ್ರಸ್ಟರ್ (ಪುಟ್ಟ ರಾಕೆಟ್) ಉರಿಸಬೇಕಿತ್ತು. ಪ್ರತಿ ಸಲವೂ ನೌಕೆಗೆ ಒಂದು ಸಣ್ಣ ನೂಕು. ಫೈಲಿನಲ್ಲಿ ಆ ನೂಕು ಪೌಂಡ್-ಸೆಕೆಂಡಿನಲ್ಲಿತ್ತು. ನ್ಯಾವಿಗೇಷನ್‌ನವರು ನ್ಯೂಟನ್-ಸೆಕೆಂಡ್ ಎಂದುಕೊಂಡರು. 4.45 ಪಟ್ಟು ಕಡಿಮೆ. ಇಷ್ಟು ದೊಡ್ಡ ತಪ್ಪು ಸಿಕ್ಕಿಬೀಳಲಿಲ್ಲ ಏಕೆ? ಆ ನೂಕು ಬಹುಪಾಲು ಭೂಮಿಯಿಂದ ನೌಕೆಗಿರುವ ನೋಟದ ಗೆರೆಗೆ ಅಡ್ಡವಾಗಿತ್ತು. ಗುರಿ ಇಟ್ಟದ್ದು ಮಂಗಳದಿಂದ 226 ಕಿ.ಮೀ. ಎತ್ತರಕ್ಕೆ. ಕೊನೆಯ ದಿನದ ಅಂದಾಜು 110. 1999ರ ಸೆಪ್ಟೆಂಬರ್ 23ರಂದು ಅದು ನುಗ್ಗಿದ್ದು 57ಕ್ಕೆ.

ಆದ್ದರಿಂದ ಗ್ರಾಫ್ ಬದಿಗಿಟ್ಟು ಮೊದಲು ಡೇಟಾವನ್ನು ಕತ್ತರಿಸಿ. ಎರಡು ವಾರದ ತುಣುಕಿನಿಂದ ಒಂದು ಉತ್ತರ, ನಾಲ್ಕು ವಾರದ್ದರಿಂದ ಇನ್ನೊಂದು. ಎರಡನ್ನೂ ಗ್ರಹದ ಬಳಿಯ ಬಿ-ಪ್ಲೇನ್ (ನೌಕೆ ಬರುವ ದಿಕ್ಕಿಗೆ ಅಡ್ಡವಾಗಿ, ಗ್ರಹದ ಕೇಂದ್ರದ ಮೂಲಕ ಹಾಯುವ ಕಲ್ಪಿತ ಸಮತಲ) ಮೇಲೆ ಹಾಕಿ. ಅನಿಶ್ಚಿತತೆಯ ದೀರ್ಘವೃತ್ತಗಳು ಒಂದರ ಮೇಲೊಂದು ಬೀಳದಿದ್ದರೆ ಮಾದರಿಯನ್ನೇ ಅನುಮಾನಿಸಬೇಕು. ಬರೀ ಡಾಪ್ಲರ್‌ನಿಂದ, ಆಮೇಲೆ ರೇಂಜ್ ಸೇರಿಸಿ, ಮತ್ತೆ ಮಾಡಿ. ಮುಂದಿನ ವಾರದ ಡಾಪ್ಲರನ್ನು ಫಿಟ್‌ಗೆ ಸೇರಿಸುವ ಮುಂಚೆ ಊಹಿಸಿ ಹೋಲಿಸಿ. ಥ್ರಸ್ಟರ್ ಉರಿದ ಅವಧಿಯನ್ನು ಕಳಿಸಿದ ಆದೇಶದಿಂದ ತೆಗೆಯಬೇಡಿ, ನೌಕೆ ತಾನೇ ಕಳಿಸುವ ಟೆಲಿಮೆಟ್ರಿಯಿಂದ ತೆಗೆಯಿರಿ. ಮಾನದ ಹೆಸರು ಫೈಲಿನ ಹೆಡರ್‌ನಲ್ಲೇ ಇರಲಿ.

ಅಡ್ಡ ದಿಕ್ಕನ್ನು ನಿಜವಾಗಿ ಅಳೆಯುವುದು ಡೆಲ್ಟಾ-ಡಿಒಆರ್. ಬಹುದೂರದ ಎರಡು ನೆಲೆಗಳು ನೌಕೆಯನ್ನು, ಬಳಿಕ ಆಕಾಶದಲ್ಲಿ ಅದರ ಪಕ್ಕಕ್ಕೆ ಕಾಣುವ ಕ್ವೇಸಾರ್ (ಸ್ಥಾನ ಚೆನ್ನಾಗಿ ಗೊತ್ತಿರುವ ಬಹುದೂರದ ರೇಡಿಯೋ ಮೂಲ) ಒಂದನ್ನು ಆಲಿಸುತ್ತವೆ. ಸಂಕೇತ ತಲುಪುವ ಸಮಯದ ವ್ಯತ್ಯಾಸದಿಂದ ಕೋನ ಸಿಗುತ್ತದೆ. 15 ಕೋಟಿ ಕಿ.ಮೀ. ದೂರದಲ್ಲಿ ಒಂದು ನ್ಯಾನೋರೇಡಿಯನ್ (ರೇಡಿಯನ್ ಎಂಬ ಕೋನದ ಮಾನದ ನೂರು ಕೋಟಿಯಲ್ಲೊಂದು ಪಾಲು) ಎಂದರೆ 150 ಮೀಟರ್. ಒಂದೇ ನೆಲೆಯಿಂದ ಇದಾಗದು. ಮಂಗಳಯಾನಕ್ಕೆ ಬೆಂಗಳೂರಿನ ಬಳಿಯ ಬ್ಯಾಲಾಳಿನ 32 ಮೀಟರ್ ಆಂಟೆನಾ ಇದ್ದೂ ಹಲವು ಖಂಡಗಳಲ್ಲಿ ಆಂಟೆನಾಗಳಿರುವ ನಾಸಾದ ಡೀಪ್ ಸ್ಪೇಸ್ ನೆಟ್‌ವರ್ಕ್‌ನ ನೆರವು ಪಡೆದದ್ದು ಸುಮ್ಮನಲ್ಲ. ಅಷ್ಟು ಬಜೆಟ್ ಇಲ್ಲದವರು ಕೋವೇರಿಯನ್ಸನ್ನು (ಲೆಕ್ಕದ ಅನಿಶ್ಚಿತತೆಯ ಅಂದಾಜನ್ನು) ಧಾರಾಳವಾಗಿ ಹಿಗ್ಗಿಸಿ, ಪಥದ ಕೊನೆಯ ತಿದ್ದುಪಡಿಗೆಂದು ಇಂಧನ ಮೀಸಲಿಡಿ.