ಸ್ಟೀರಿಂಗ್ ಬಿಟ್ಟ ಮೇಲೆ ಕಿವಿಗೆ ಬೀಳುವ ಸದ್ದು

ಹಾಸನದಿಂದ ಸಕಲೇಶಪುರದ ಕಡೆ ಹೊರಟ ಕಾರಿನಲ್ಲಿ ಓಡಿಸುವವರನ್ನೂ ಪಕ್ಕದಲ್ಲಿ ಕೂತವರನ್ನೂ ಒಳಗಿನ ಸದ್ದು ಹೇಗಿದೆ ಎಂದು ಕೇಳಿ ನೋಡಿ. ಮೀಟರ್ ಎರಡೂ ಸೀಟಿನಲ್ಲಿ ಒಂದೇ ಅಂಕಿ ತೋರಿಸಿದರೂ ಉತ್ತರ ಬೇರೆಬೇರೆ ಬರಬಹುದು. ಓಡಿಸುವವರ ಕಿವಿ ಕೆಲಸದಲ್ಲಿರುತ್ತದೆ. ಎಂಜಿನ್ ಸದ್ದಿನಿಂದ ಗೇರ್, ಟೈರ್ ಸದ್ದಿನಿಂದ ವೇಗ ತಿಳಿಯುತ್ತದೆ. ತಮ್ಮ ಕಾಲು ಒತ್ತಿದ್ದಕ್ಕೇ ಬಂದ ಸದ್ದು ಗದ್ದಲ ಅನ್ನಿಸುವುದೂ ಕಡಿಮೆ. ಚಾಲಕರಹಿತ ಕಾರಿನಲ್ಲಿ ಈ ಕೆಲಸ ಯಾರಿಗೂ ಇಲ್ಲ. ಎಲ್ಲರೂ ಓದುವವರು, ಮಾತಾಡುವವರು, ನಿದ್ದೆ ಮಾಡುವವರೇ. ಆದ್ದರಿಂದ ಅಲ್ಲಿನ ಸದ್ದನ್ನು ಪ್ರಯಾಣಿಕರ ಸೀಟಿನಿಂದಲೇ ಅಳೆಯಬೇಕು. ಅದಕ್ಕೆ ಡೆಸಿಬೆಲ್ ಒಂದೇ ಸಾಲದು.

ಮೀಟರ್ ಸಾಮಾನ್ಯವಾಗಿ ತೋರಿಸುವ ಡಿಬಿ(ಎ), ಅಂದರೆ ಮನುಷ್ಯರ ಕಿವಿಗೆ ಹೊಂದಿಸಿದ ಡೆಸಿಬೆಲ್ ಅಂಕಿ, ತಗ್ಗು ಸ್ವರಗಳನ್ನು ಬಹಳ ಕಡಿಮೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ: 100 ಹರ್ಟ್ಜ್‌ನಲ್ಲಿ ಸುಮಾರು 19, 50 ಹರ್ಟ್ಜ್‌ನಲ್ಲಿ ಸುಮಾರು 30 ಡೆಸಿಬೆಲ್ ಕಳೆದುಬಿಡುತ್ತದೆ. ತಲೆ ಭಾರ ಮಾಡುವ ‘ಗುಂ’ ಇರುವುದೇ ಅಲ್ಲಿ. ಎರಡು ಕಾರಿನ ಅಂಕಿ ಒಂದೇ ಬಂತೆಂದು ಎರಡೂ ಸಮ ಅಂದುಕೊಂಡರೆ ತಪ್ಪುವುದು ಇಲ್ಲಿಯೇ.

ಅಂಕಿಯ ಲೆಕ್ಕಕ್ಕೆ ಸಿಗದ ಇನ್ನೊಂದು ಸಂಗತಿ ಲಯ. ಕಾಂಕ್ರೀಟ್ ರಸ್ತೆಯ ಜಾಯಿಂಟ್‌ಗಳ ನಡುವೆ ಸಾಮಾನ್ಯವಾಗಿ ಸುಮಾರು 4.5 ಮೀಟರ್ ಇರುತ್ತದೆ. ಗಂಟೆಗೆ 65 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 18 ಮೀಟರ್ ಸಾಗುತ್ತದೆ, ಅಂದರೆ ಸೆಕೆಂಡಿಗೆ 4 ಜಾಯಿಂಟ್. ಮುಂದಿನ ಗಾಲಿ ತಟ್ಟಿ, ಹಿಂದಿನ ಗಾಲಿ ತಟ್ಟಿ, ಪ್ರತಿ ಸಲವೂ ಜೋಡಿ ‘ದಡ್‌ದಡ್’. ಸದ್ದು ಸೆಕೆಂಡಿಗೆ ಸುಮಾರು 4 ಬಾರಿ ಏರಿಳಿದಾಗಲೇ ನಮ್ಮ ಕಿವಿ ಆ ಏರಿಳಿತವನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಹಿಡಿಯುವುದು. ಶಿರಾಡಿ ಘಾಟಿಯ ತಿರುವಿನಲ್ಲಿ ವೇಗ 40ಕ್ಕೆ ಇಳಿದರೆ ಇದೇ ಲೆಕ್ಕದಲ್ಲಿ ಸೆಕೆಂಡಿಗೆ ಎರಡೂವರೆ. ವೇಗವನ್ನು ಸಾಫ್ಟ್‌ವೇರ್ ಆರಿಸುವ ಕಾರಿನಲ್ಲಿ ಇಂಥ ರಸ್ತೆಯಲ್ಲಿ 65ರ ಬದಲು 55ಕ್ಕೆ ನಿಲ್ಲಿಸಿದರೆ ಏನಾಗುತ್ತದೆಂದು ಪರೀಕ್ಷಿಸಿ ನೋಡಬೇಕು. ಒಂದು ಪೈಸೆಯ ಬಿಡಿಭಾಗ ಬೇಡದ ಉಪಾಯ ಅದು.

‘ಗುಂಯ್’ ಎನ್ನುವ ಸದ್ದಿಗೆ ಮೂಲ ಹುಡುಕುವುದು ಹೀಗೆ. ವೇಗ ಏರಿದಂತೆ ಸ್ವರವೂ ಏರಿದರೆ ಟೈರಿನ ಬಟನ್ (ರಸ್ತೆಗೆ ತಾಗುವ ಉಬ್ಬುಗಳು) ಅಥವಾ ಬೇರಿಂಗ್. ತಿರುವಿನಲ್ಲಿ ಒಂದು ಕಡೆ ಜೋರಾಗಿ ಇನ್ನೊಂದು ಕಡೆ ತಗ್ಗಿದರೆ ಗಾಲಿಯ ಬೇರಿಂಗ್ ಮೇಲೆ ಅನುಮಾನ. ವೇಗ ಬದಲಾದರೂ ಸ್ವರ ಹೆಚ್ಚುಕಡಿಮೆ ಅಲ್ಲೇ ನಿಂತರೆ ಟೈರಿನೊಳಗಿನ ಗಾಳಿಯ ಅನುರಣನ, ಅಂದರೆ ಆ ಗಾಳಿಯೇ ತನ್ನದೊಂದು ಸ್ವರದಲ್ಲಿ ಕಂಪಿಸುವುದು. 205/55 ಆರ್16 ಅಳತೆಯ ಟೈರಿನಲ್ಲಿ ಅದು ಸುಮಾರು 210 ಹರ್ಟ್ಜ್. ಬಾಗಿಲಿಗೆ ಡ್ಯಾಂಪಿಂಗ್ ಶೀಟ್ ಅಂಟಿಸಿದರೆ ಇದು ಹೋಗುವುದಿಲ್ಲ, ಏಕೆಂದರೆ ಬರುವುದು ಗಾಲಿ, ಸಸ್ಪೆನ್ಷನ್, ಬಾಡಿ ಮೂಲಕ. ಒಳಗೆ ಫೋಮ್ ಇರುವ ಟೈರ್ ನೆರವಾಗುತ್ತದೆ. ಗಾಳಿಯ ‘ಸುಯ್’ ಸದ್ದಾದರೆ ಮೊದಲು ಡೋರ್ ರಬ್ಬರ್ ನೋಡಿ: ಕಾಗದದ ಪಟ್ಟಿ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ರಬ್ಬರ್ ಕೂರುತ್ತಿಲ್ಲ.

ಎಲೆಕ್ಟ್ರಿಕ್ ಕಾರಿನಲ್ಲಿ ಇನ್ನೊಂದು ತೊಡಕು. ಎಂಜಿನ್ ಮರೆಮಾಡುತ್ತಿದ್ದ ಸಣ್ಣ ಸದ್ದುಗಳೆಲ್ಲ ಹೊರಬರುತ್ತವೆ: ಮೋಟಾರಿನ ಕೀರಲು, ಡ್ಯಾಶ್‌ಬೋರ್ಡಿನ ಕಟಕಟ, ಎಸಿ ಬ್ಲೋವರ್. ಚಾಲಕರಹಿತ ಕಾರಿಗೆ ಕಂಪ್ಯೂಟರ್ ತಂಪು ಮಾಡುವ ಫ್ಯಾನ್, ಛಾವಣಿಯ ಸೆನ್ಸರ್‌ಗೆ ಬಡಿಯುವ ಗಾಳಿ ಕೂಡ ಸೇರಿಕೊಳ್ಳಬಹುದು. ಟೈರ್ ಸದ್ದು ತಗ್ಗಿಸಿದ ಮೇಲೆ ದೂರು ಹೆಚ್ಚಾದರೆ ಗಾಬರಿ ಬೇಡ. ಮುಂದಿನ ಕೆಲಸ ಈ ಸಣ್ಣ ಸದ್ದುಗಳದು.

ಪರೀಕ್ಷೆಗೆ ಒಣ ರಸ್ತೆ, ಒಂದೇ ತುಣುಕು, ಒಂದೇ ವೇಗ, ಕಾರಿನ ಸ್ಟಿಕ್ಕರಿನಲ್ಲಿರುವಷ್ಟೇ ಟೈರ್ ಗಾಳಿ, ಗ್ಲಾಸ್ ಏರಿಸಿ, ಬ್ಲೋವರ್ ಆಫ್. ಮೈಕ್ ಕಿವಿಯ ಎತ್ತರದಲ್ಲಿರಲಿ. ಮೊಬೈಲ್ ಆ್ಯಪ್ ಹೋಲಿಕೆಗಷ್ಟೇ ಸಾಕು. ಪ್ರಯಾಣಿಕರು ಮೊದಲ ಸುತ್ತಿನಲ್ಲಿ ರಸ್ತೆ ನೋಡುತ್ತ, ಎರಡನೆಯದರಲ್ಲಿ ಓದುತ್ತ, ಮೂರನೆಯದರಲ್ಲಿ ಕಣ್ಣು ಮುಚ್ಚಿ ಕೂತು ಕಿರಿಕಿರಿಗೆ 10ರಲ್ಲಿ ಅಂಕ ಕೊಡಲಿ. ಮುಂದಿನ ಸೀಟಿನಿಂದ ಮಾಮೂಲಿ ದನಿಯಲ್ಲಿ 20 ಪದ ಓದಿಸಿ, ಹಿಂದಿನವರು ಎಷ್ಟು ಸರಿಯಾಗಿ ಹೇಳುತ್ತಾರೆ ನೋಡಿ. ಚಾಲಕರಹಿತ ಕಾರಿಗೆ ಮುಖ್ಯವಾದದ್ದು ಮೊದಲ ಸುತ್ತಿಗಿಂತ ಎರಡನೆಯ, ಮೂರನೆಯ ಸುತ್ತಿನ ಅಂಕ.

ಹಾಗಂತ ಎಲ್ಲ ಸದ್ದನ್ನೂ ಅಳಿಸುವುದು ನಮಗೆ ಸರಿಕಾಣದು. ಘಾಟಿಯಲ್ಲಿ ಓದುತ್ತ ಕೂತವರಿಗೆ ವಾಕರಿಕೆ ಬರುವುದಕ್ಕೆ ಒಂದು ಕಾರಣ ಮುಂದಿನ ತಿರುವು, ಬ್ರೇಕ್ ಗೊತ್ತಾಗದಿರುವುದು. ತಿರುವಿಗೆ ಸ್ವಲ್ಪ ಮುಂಚೆ ಮೆಲ್ಲನೆಯ ಸೂಚನೆ ಕೊಟ್ಟರೆ ದೇಹ ಸಿದ್ಧವಾಗುತ್ತದೆ. ತಾನೇ ಓಡುತ್ತ, ಬೇಕಾದಾಗ ಮಾತ್ರ ‘ಸ್ಟೀರಿಂಗ್ ಹಿಡಿಯಿರಿ’ ಎಂದು ಕರೆಯುವ 3ನೇ ಹಂತದ ಸ್ವಯಂಚಾಲಿತ ಕಾರಿನಲ್ಲಂತೂ ಎಚ್ಚರಿಕೆಯ ದನಿ ಒಂದೇ ಮಟ್ಟದಲ್ಲಿ ಇರಬಾರದು. ಕೆಲಸದ ಜಾಗಗಳ ಅಪಾಯ ಸೂಚನೆಗೆ ಐಎಸ್‌ಒ 7731 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುವುದು ಹಿನ್ನೆಲೆ ಸದ್ದಿಗಿಂತ ಕನಿಷ್ಠ 15 ಡೆಸಿಬೆಲ್ ಹೆಚ್ಚು ಎಂದು. ಮಲೆನಾಡಿನ ಜುಲೈ ಮಳೆ ಛಾವಣಿಗೆ ಬಡಿಯುವಾಗ ಆ ಹಿನ್ನೆಲೆಯೇ ಮೇಲೇರಿರುತ್ತದೆ. ಕ್ಯಾಬಿನ್ ಮೈಕ್‌ನಿಂದ ಮಳೆ ಸದ್ದು ಅಳೆದು ದನಿ ಏರಿಸಬೇಕು, ಜೊತೆಗೆ ಸೀಟ್ ಕಂಪಿಸುವಂತೆಯೂ ಮಾಡಬೇಕು.