ಚಾದರ ಆಮೇಲೆ, ಮೊದಲು ಬಟ್ಟಲು ನೋಡಿ

ಡಿಸೆಂಬರ್ ಬಂತೆಂದರೆ ಬೀದರ್‌ನ ನನ್ನ ಕ್ಲಿನಿಕ್ಕಿಗೆ ಕಂಬಳಿ ಸುತ್ತಿದ ಹಕ್ಕಿ ಪಂಜರಗಳು ಬರತೊಡಗುತ್ತವೆ. "ಸರ, ಥಂಡಿಗಿ ನಡುಗ್ಲಾಕತ್ತದ ನೋಡ್ರಿ" ಎನ್ನುತ್ತಾರೆ. ಸಂಜೆ ಎಷ್ಟು ಕಾಳು ತಿಂದಿತು ಅಂತ ನಾನು ಕೇಳಿದರೆ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ಉತ್ತರ ಧ್ರುವದ ಸುತ್ತಲಿನ ನಾಡುಗಳಲ್ಲಿ ರೆಡ್‌ಪೋಲ್ ಎಂಬ ಹಾಡುಹಕ್ಕಿಯಿದೆ. ಗುಬ್ಬಿಗಿಂತ ಚಿಕ್ಕದು, ತೂಕ 12ರಿಂದ 16 ಗ್ರಾಂ, ಹಣೆಗೆ ಕುಂಕುಮ ಇಟ್ಟಂತೆ ಕೆಂಪು. ಸೊನ್ನೆಗಿಂತ 50 ಡಿಗ್ರಿ ಕೆಳಗಿನ ಚಳಿಯನ್ನೂ ತಡೆದುಕೊಳ್ಳುತ್ತದೆ. ದಟ್ಟ ಪುಕ್ಕವಿದೆ, ಹಿಮದೊಳಗೆ ಸುರಂಗ ಕೊರೆದು ಮಲಗುವುದೂ ಉಂಟು. ನನಗೆ ಬೆರಗು ಅದರ ಗಂಟಲಿನದು. ಅನ್ನನಾಳದ ಒಂದು ಭಾಗ ಚೀಲವಾಗಿ ಹಿಗ್ಗುತ್ತದೆ. ಕತ್ತಲಾಗುವ ಮುನ್ನ ಭೂರ್ಜ ಮರದ ಬೀಜಗಳನ್ನು ಅವಸರದಲ್ಲಿ ಅದಕ್ಕೆ ತುಂಬಿಕೊಂಡು, ಆಮೇಲೆ ಮರೆಯಲ್ಲಿ ಕುಳಿತು ಬಾಯಿಗೆ ತಂದುಕೊಂಡು, ಸಿಪ್ಪೆ ಬಿಡಿಸಿ ನುಂಗುತ್ತದೆ. ರಾತ್ರಿಯಿಡೀ ಎದೆಯ ಸ್ನಾಯು ಸಣ್ಣಗೆ ನಡುಗಿ ಕಾವು ಹುಟ್ಟಬೇಕಾದರೆ ಹೊಟ್ಟೆಗೆ ಬಿದ್ದಿರಲೇಬೇಕು. ಪುಕ್ಕ ಕಾವನ್ನು ಹಿಡಿದಿಡುತ್ತದೆ ಅಷ್ಟೆ, ಹುಟ್ಟಿಸುವುದಿಲ್ಲ.

ನಮ್ಮಲ್ಲಿ ಎಲ್ಲರೂ ಲವ್‌ಬರ್ಡ್ಸ್ ಅನ್ನುವ ಬಜರಿಗರ್‌ಗಳ ಲೆಕ್ಕವೂ ಇದೇ. ಮನೆಯವರು ಪ್ರೀತಿಯಿಂದ 5 ಗಂಟೆಗೇ ಪಂಜರಕ್ಕೆ ಚಾದರ ಹೊದಿಸುತ್ತಾರೆ. ರಾತ್ರಿಯಾಯಿತೆಂದು ಹಕ್ಕಿ ತಿನ್ನುವುದನ್ನು ನಿಲ್ಲಿಸುತ್ತದೆ, ಸಂಜೆಯ ಊಟವೇ ತಪ್ಪುತ್ತದೆ. ಇನ್ನು ಬಟ್ಟಲು. ನವಣೆ ತಿಂದ ಹಕ್ಕಿ ಹೊಟ್ಟನ್ನು ಅಲ್ಲೇ ಬಿಡುತ್ತದೆ, ಮೇಲಿಂದ ನೋಡಿದರೆ ಬಟ್ಟಲು ತುಂಬಿದೆ. ಟೇಬಲ್ ಮೇಲಿಟ್ಟು ಒಮ್ಮೆ ಉಫ್ ಎಂದು ಊದಿದರೆ ತಳದಲ್ಲಿ ನಾಲ್ಕು ಕಾಳು. ಆಗ ಮನೆಯವರ ಮುಖ ನೋಡಬೇಕು!

ಹೊತ್ತು ಮುಳುಗುವ ಮುಂಚೆ ಹೊಟ್ಟು ಊದಿ ಹೊಸ ನವಣೆ, ಸಜ್ಜೆ ಹಾಕಿ. ಒಂದು ತಾಸು ದೀಪದ ಬೆಳಕಲ್ಲಿ ತಿನ್ನಲು ಬಿಡಿ. ಚಾದರ ಮೂರು ಬದಿಗೆ ಸಾಕು, ಒಂದು ಬದಿ ಗಾಳಿಯಾಡಲಿ. ಪ್ಲಾಸ್ಟಿಕ್ ಸುತ್ತಬೇಡಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆಯಂತೂ ಬೇಡವೇ ಬೇಡ. ಹೊಗೆ ಕಾಣದಿದ್ದರೂ ಅದರ ಕಾರ್ಬನ್ ಮಾನಾಕ್ಸೈಡ್ ನಮಗಿಂತ ಮುಂಚೆ ಹಕ್ಕಿಯನ್ನು ಬೀಳಿಸುತ್ತದೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಿಗೆ ಒಂದು ಕಾಲದಲ್ಲಿ ಕ್ಯಾನರಿ ಹಕ್ಕಿ ಒಯ್ಯುತ್ತಿದ್ದುದು ಇದಕ್ಕೇ.

ಬೆಳಗಿನ ಜಾವ ಪುಕ್ಕ ಉಬ್ಬಿಸಿ ಕುಳಿತರೆ ಗಾಬರಿ ಬೇಡ, ಬಿಸಿಲೇರಿದಂತೆ ಸರಿಹೋಗುತ್ತದೆ. ಮಧ್ಯಾಹ್ನದ ಬಿಸಿಲಲ್ಲೂ ಉಬ್ಬಿಕೊಂಡೇ ಇದ್ದು, ಉಸಿರಿಗೊಮ್ಮೆ ಬಾಲ ಕುಣಿಯುತ್ತಿದ್ದರೆ ಅದು ಥಂಡಿಯಲ್ಲ, ರೋಗ. ಅಂದೇ ಕರೆತನ್ನಿ, ಪಂಜರದ ತಳದಲ್ಲಿ ಹಿಕ್ಕೆ ಬಿದ್ದ ಕಾಗದವನ್ನೂ ತನ್ನಿ.